ಉತ್ತರದ ಪುಟ ಹೊಲಿಯುವ ಲೆಕ್ಕದಕ್ಕ

ಬೆಳಗಿನ ಐದೂವರೆ. ಗ್ರಂಥಾಲಯದ ಮುಂಬಾಗಿಲು ತೆರೆಯಲು ಇನ್ನೂ ಮೂರೂವರೆ ಗಂಟೆ ಇದೆ. ಹಿಂಬದಿಯ ಪುಸ್ತಕ ರಿಪೇರಿ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಗೋಂದಿನ ಡಬ್ಬಿ, ದಾರದ ಉಂಡೆ, ಬೆನ್ನು ಕಿತ್ತುಹೋದ ಪುಸ್ತಕಗಳ ರಾಶಿ. ಇವುಗಳ ನಡುವೆ ಮೇಜಿನ ಒಂದು ಮೂಲೆಯನ್ನು ಖಾಲಿ ಮಾಡಿಕೊಂಡು ಐವತ್ತೊಂದು ವರ್ಷದ ಹೆಂಗಸೊಬ್ಬರು ವರ್ಗಸಮೀಕರಣ ಬಿಡಿಸುತ್ತಿದ್ದಾರೆ.

"ಇದು ಇನ್ನೂರ ಹದಿನಾಲ್ಕನೇ ಲೆಕ್ಕ. ನಿನ್ನೆಯಿಂದ ಸತಾಯಿಸ್ತಾ ಇದೆ. ಇರ್ಲಿ, ನಾನೂ ಬಿಡೋಳಲ್ಲ" ಎನ್ನುತ್ತ ರಬ್ಬರಿನ ಪುಡಿಯನ್ನು ಊದುತ್ತಾರೆ.

ಹರಿದ ಪುಸ್ತಕ ಹೊಲಿಯುವುದು ಇವರ ಇಪ್ಪತ್ತೆರಡು ವರ್ಷದ ನೌಕರಿ. ದಿನಕ್ಕೆ ಹದಿನೈದು ಪುಸ್ತಕ ಕೈ ದಾಟುತ್ತವೆ. ಆದರೆ ಶಾಲೆ ಬಿಟ್ಟು ಮನೆಯಲ್ಲೇ ಓದುವ ಮಕ್ಕಳ ತಂದೆತಾಯಂದಿರು ಇವರನ್ನು ಹುಡುಕಿಕೊಂಡು ಬರುವುದು ಬೇರೆ ಕಾರಣಕ್ಕೆ. ಹೈಸ್ಕೂಲಿನ ಗಣಿತಕ್ಕೆ ಯಾವ ಪಠ್ಯಕ್ರಮ ಹಿಡಿಯಬೇಕು ಎಂದು ಕೇಳಲು. ಅಂಥ ಮನೆಗಳಲ್ಲಿ ಇವರಿಗೆ ಇರುವ ಹೆಸರು ಲೆಕ್ಕದಕ್ಕ.

ತಮಾಷೆಯೆಂದರೆ, ಲೆಕ್ಕದಕ್ಕ ಓದುವ ಕಾಲದಲ್ಲಿ ಗಣಿತದಲ್ಲಿ ಎರಡು ಸಲ ನಪಾಸು! "ಮೂರನೇ ಸಲ ಮೂವತ್ತೈದು ಬಂತು. ನಮ್ಮ ಮೇಷ್ಟ್ರು ಕಣ್ಣುಮುಚ್ಚಿ ಕೊಟ್ಟಿರ್ಬೇಕು" ಎಂದು ತಾವೇ ನಗುತ್ತಾರೆ. ಅಂಥವರಿಗೆ ಈ ಕಬ್ಬಿಣದ ಕಡಲೆಯ ಉಸಾಬರಿ ಯಾಕೆ ಬೇಕಿತ್ತು?

ಕಾರಣ ಮಗಳು. ಹದಿಮೂರನೇ ವಯಸ್ಸಿನಲ್ಲಿ ಕಾಲಿನ ಮೂಳೆಗೆ ಸೋಂಕು ತಗುಲಿ ಮಗಳು ಎರಡು ವರ್ಷ ಮನೆಯಲ್ಲೇ ಉಳಿಯಬೇಕಾಯಿತು. ಅಮ್ಮ ಅಂಗಡಿಯಿಂದ ಎಲ್ಲಕ್ಕಿಂತ ದಪ್ಪನೆಯ, ಬಣ್ಣಬಣ್ಣದ ಗಣಿತದ ಪುಸ್ತಕ ತಂದುಕೊಟ್ಟರು. ಸಂಜೆ ಬಂದು ಕೊನೆಯ ಪುಟಗಳ ಉತ್ತರಗಳಿಗೆ ತಾಳೆ ನೋಡಿ ಗುರುತು ಹಾಕುವುದಷ್ಟೇ ಅವರ ಪಾಲಿನ ಪಾಠ. ಮಗಳದು ನೂರಕ್ಕೆ ನೂರು. ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಒಂದು ಭಾನುವಾರ ತಮಗೂ ಒಂದು ಲೆಕ್ಕ ಬಿಡಿಸುವ ಆಸೆಯಾಯಿತು. ಒಂದು ನಲ್ಲಿ ತೊಟ್ಟಿಯನ್ನು ಅರವತ್ತು ನಿಮಿಷದಲ್ಲಿ ತುಂಬಿಸುತ್ತದೆ, ಇನ್ನೊಂದು ತೊಂಬತ್ತು ನಿಮಿಷದಲ್ಲಿ. ಎರಡೂ ಬಿಟ್ಟರೆ ಎಷ್ಟು ಹೊತ್ತು? ಪುಸ್ತಕದ ಉತ್ತರ ಅರವತ್ತಮೂರು. ಮಗಳ ಉತ್ತರವೂ ಅರವತ್ತಮೂರು. ಅಮ್ಮನದು ಮಾತ್ರ ಏನು ಮಾಡಿದರೂ ಮೂವತ್ತಾರು.

"ಎರಡು ದಿನ ಆ ತೊಟ್ಟಿ ತುಂಬಿಸಿದೆ. ಅಚ್ಚಾಗಿದ್ದು ತಪ್ಪಿರುತ್ತಾ ಅಂತ ನನ್ನ ತಲೆಗೇ ಹೋಗ್ಲಿಲ್ಲ. ಕೊನೆಗೆ ಸೋತು, 'ನೀನು ಹೇಗೆ ಮಾಡ್ದೆ, ನಂಗೂ ಹೇಳ್ಕೊಡೇ' ಅಂದೆ. ಅವಳು ಗೊಳೋ ಅಂತ ಅತ್ತುಬಿಟ್ಳು."

ಮೂವತ್ತಾರು ಅಚ್ಚಿನಲ್ಲಿ ಅಂಕಿ ತಿರುವುಮುರುವಾಗಿ ಅರವತ್ತಮೂರಾಗಿತ್ತು. ಮಗಳು ಒಂದು ವರ್ಷದಿಂದ ಉತ್ತರದ ಪುಟವನ್ನು ನೋಡಿ ನಕಲು ಹೊಡೆಯುತ್ತಿದ್ದಳು. ಪುಸ್ತಕ ತನಗೆ ತಲೆಬುಡ ಅರ್ಥವಾಗುತ್ತಿಲ್ಲವೆಂದು ಹೇಳಿದರೆ ಅಮ್ಮನ ಖುಷಿ ಹಾಳಾದೀತೆಂಬ ಹೆದರಿಕೆ ಅವಳಿಗೆ. "ಬೈಯೋಕೆ ಬಾಯೇ ಬರ್ಲಿಲ್ಲ. ಆ ಪುಸ್ತಕ ಆರಿಸಿದ್ದು ನಾನು. ಒಂದು ಪುಟಾನೂ ಓದಿ ನೋಡಿರ್ಲಿಲ್ಲ" ಎನ್ನುವಾಗ ಲೆಕ್ಕದಕ್ಕನ ದನಿ ಇವತ್ತಿಗೂ ಇಳಿಯುತ್ತದೆ.

ಅಂದೇ ತೀರ್ಮಾನ. ತಾನು ಮೊದಲಿನಿಂದ ಕೊನೆಯವರೆಗೆ ಬಿಡಿಸದ ಪುಸ್ತಕವನ್ನು ಮಗುವಿನ ಕೈಗೆ ಕೊಡುವುದಿಲ್ಲ. ಹನ್ನೊಂದು ವರ್ಷದಲ್ಲಿ ಏಳು ಪಠ್ಯಕ್ರಮಗಳು ಮುಗಿದಿವೆ, ಎಂಟನೆಯದು ನಡೆಯುತ್ತಿದೆ. ಮೊದಲನೆಯದಕ್ಕೆ ಎರಡು ವರ್ಷ ಹಿಡಿಯಿತು, ಈಗ ಒಂದೊಂದಕ್ಕೆ ಏಳೆಂಟು ತಿಂಗಳು ಸಾಕು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಈಗಲೂ ಅಮ್ಮನ ನೋಟ್‌ಬುಕ್ಕಿಗೆ ಕೆಂಪು ಗೀಟು ಎಳೆಯುತ್ತಾಳೆ.

ಇವರು ಪುಸ್ತಕ ಆರಿಸುವ ರೀತಿಯೇ ಬೇರೆ. ಮಗುವಿನ ಮುಂದೆ ಮೂರು ಪುಸ್ತಕ ಇಟ್ಟು, ದೊಡ್ಡವರನ್ನು ಹೊರಗೆ ಕಳಿಸಿ, ತಾವು ಮೂಲೆಯಲ್ಲಿ ಯಾವುದೋ ಪುಸ್ತಕ ಹೊಲಿಯುತ್ತ ಕೂರುತ್ತಾರೆ. ಅರ್ಧ ಗಂಟೆ ಒಂದು ಮಾತಿಲ್ಲ. ಕಣ್ಣು ಮಾತ್ರ ಮಗುವಿನ ಪೆನ್ಸಿಲ್ ಮೇಲೆ. "ಅಪ್ಪ ಅಮ್ಮ ರಟ್ಟು ನೋಡಿ ಆರಿಸ್ತಾರೆ. ನಾನು ಪೆನ್ಸಿಲ್ ಎಲ್ಲಿ ನಿಲ್ಲುತ್ತೆ ಅಂತ ನೋಡ್ತೀನಿ. ಅದು ಸುಳ್ಳು ಹೇಳಲ್ಲ."

ಆರಿಸಿದ ಮೇಲೆ ಕೊನೆಯ ಶಾಸ್ತ್ರವೊಂದಿದೆ. ಉತ್ತರದ ಪುಟಗಳ ಅಂಚನ್ನು ಅಧ್ಯಾಯಕ್ಕೊಂದರಂತೆ ಕೆಂಪು ದಾರದಲ್ಲಿ ಹೊಲಿದುಬಿಡುತ್ತಾರೆ. ಅಧ್ಯಾಯ ಮುಗಿಸಿ ಬಂದವರಿಗೆ ಆ ಭಾಗದ ದಾರ ಮಾತ್ರ ಕತ್ತರಿಸಿ ಕೊಡುತ್ತಾರೆ. ಮಗಳ ಆ ಹಳೆಯ ಪುಸ್ತಕವೂ ಹೊಸ ರಟ್ಟು ತೊಟ್ಟು ಇದೇ ಕೋಣೆಯ ಕಪಾಟಿಗೆ ಸೇರಿದೆ. ಎಲ್ಲರಿಗೂ ಆಗದಿದ್ದರೂ ಕೆಲವು ಮಕ್ಕಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಅರವತ್ತಮೂರನ್ನು ತಿದ್ದಿಬಿಡಿ ಎಂದು ಗ್ರಂಥಪಾಲಕರು ಒಮ್ಮೆ ಹೇಳಿದ್ದರಂತೆ. "ಬೇಡ ಸಾರ್, ಅದು ಹಾಗೇ ಇರ್ಲಿ. ಅದು ನನ್ನ ಕಾವಲು ನಾಯಿ, ನಕಲು ಹೊಡೆದ್ರೆ ಬೊಗಳುತ್ತೆ" ಎಂದರಂತೆ ಲೆಕ್ಕದಕ್ಕ.

ಕಳೆದ ಮಳೆಗಾಲದಲ್ಲಿ ಬಸ್ ಚಾಲಕರೊಬ್ಬರು ಹದಿನಾರರ ಮಗಳನ್ನು ಕರೆತಂದರು. ಹುಡುಗಿಗೆ ಜಮೀನು ಅಳೆಯುವ ಸರ್ವೆ ಕೋರ್ಸ್ ಸೇರುವ ಹಠ. ಅದಕ್ಕೆ ಗಣಿತ ಪಾಸಾಗಲೇಬೇಕು. ಎರಡು ವರ್ಷದಲ್ಲಿ ಮೂರು ಪಠ್ಯಕ್ರಮ ಬದಲಾಯಿಸಿಯೂ ಬೀಜಗಣಿತ ತಲೆಗೆ ಹತ್ತಿರಲಿಲ್ಲ. ಪರೀಕ್ಷೆಗೆ ಉಳಿದಿದ್ದು ಹತ್ತು ತಿಂಗಳು. "ಇದೇ ಕೊನೆ ಸಲ ಅಕ್ಕಾ. ಆಗ್ಲಿಲ್ಲ ಅಂದ್ರೆ ಆ ಕೋರ್ಸ್ ಆಸೆ ಬಿಟ್ಟುಬಿಡ್ಲಿ" ಎಂದರು ಅಪ್ಪ. ಹುಡುಗಿ ನೆಲ ನೋಡುತ್ತಿದ್ದಳು.

ಅರ್ಧ ಗಂಟೆಯಲ್ಲಿ ಅವಳ ಪೆನ್ಸಿಲ್ ಆರು ಸಲ ನಿಂತಿತು. ಆರೂ ಸಲ ಭಿನ್ನರಾಶಿ ಎದುರಾದಲ್ಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಭಿನ್ನರಾಶಿ ಬಾರದವಳಿಗೆ ಮನೆಯವರು ಬೀಜಗಣಿತದ ಪುಸ್ತಕ ಬದಲಿಸುತ್ತ ಬಂದಿದ್ದರು. ಲೆಕ್ಕದಕ್ಕ ಕೊಟ್ಟದ್ದು ಏಳನೇ ತರಗತಿಯ ಪುಸ್ತಕ. ಅಪ್ಪನ ಮುಖ ಸಪ್ಪಗಾಯಿತು: "ಇಷ್ಟು ದೊಡ್ಡವಳಿಗೆ ಏಳನೇ ಕ್ಲಾಸಾ?"

"ಬುಡ ಗಟ್ಟಿ ಇಲ್ದೆ ಮೇಲೆ ಹತ್ತಿಸ್ತೀರಾ ಅಣ್ಣಾ? ಎರಡು ತಿಂಗಳು ಕೊಡಿ" ಎಂದ ಲೆಕ್ಕದಕ್ಕ, ತರಗತಿಯ ಅಂಕಿ ಯಾರಿಗೂ ಕಾಣದಂತೆ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿಕೊಟ್ಟರು. ಹುಡುಗಿ ಏಳು ವಾರದಲ್ಲೇ ಮುಗಿಸಿ ತಂದಳು. ಆಮೇಲೆ ಲೆಕ್ಕದಕ್ಕ ಹೊಲಿದು ಕೊಟ್ಟದ್ದು ತಮ್ಮ ಮಗಳ ಆ ಹಳೆಯ ಪುಸ್ತಕವನ್ನೇ.

ಇವತ್ತು ಎಂಟು ಗಂಟೆಗೆ ಅಪ್ಪ ಮಗಳು ಇಬ್ಬರೂ ಬಂದಿದ್ದಾರೆ. ಐದನೇ ಅಧ್ಯಾಯ ಮುಗಿದಿದೆ. ಕೋಣೆಯಲ್ಲಿ ಇರುವುದೊಂದೇ ಕುರ್ಚಿ, ಹುಡುಗಿ ಪುಸ್ತಕದ ಪೆಟ್ಟಿಗೆಯ ಮೇಲೆ ಕೂರುತ್ತಾಳೆ. ಕಿಟಕಿಯ ಬಳಿ ಮಕ್ಕಳಿಗೊಂದು ಮೇಜು ಬೇಕೆನ್ನುವುದೇ ಲೆಕ್ಕದಕ್ಕನ ಬಹುದಿನದ ಬೇಡಿಕೆ. ಅವರು ಕತ್ತರಿ ಆಡಿಸುತ್ತಾರೆ. ದಾರ ಬಿಚ್ಚಿಕೊಳ್ಳುತ್ತದೆ. ಹುಡುಗಿ ಒಂದೊಂದೇ ಉತ್ತರದ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾಳೆ. ಸರಿ, ಸರಿ, ಸರಿ. ಹದಿನೆಂಟನೆಯದಕ್ಕೆ ಬೆರಳು ನಿಲ್ಲುತ್ತದೆ.

"ತಪ್ಪಾಯ್ತಾ ಮಗಳೇ?" ಅಪ್ಪನ ದನಿಯಲ್ಲಿ ಆತಂಕ. ಲೆಕ್ಕದಕ್ಕನ ಕಣ್ಣು ಹುಡುಗಿಯ ಪೆನ್ಸಿಲ್ ಮೇಲೆ. ಹುಡುಗಿ ರಬ್ಬರು ಕೈಗೆತ್ತಿಕೊಳ್ಳುತ್ತಾಳೆ, ಕೆಳಗಿಡುತ್ತಾಳೆ. ಹಾಳೆಯ ಅಂಚಿನಲ್ಲಿ ಭಿನ್ನರಾಶಿಗಳನ್ನು ಇನ್ನೊಮ್ಮೆ ಕೂಡುತ್ತಾಳೆ. ಆಮೇಲೆ ತಲೆ ಎತ್ತುತ್ತಾಳೆ.

"ಆಂಟಿ, ಪುಸ್ತಕದ್ದೇ ತಪ್ಪು. ಒಂದೇ ನಲ್ಲಿ ಅರವತ್ತು ನಿಮಿಷಕ್ಕೆ ತುಂಬಿಸುತ್ತೆ. ಎರಡು ಬಿಟ್ರೆ ಅರವತ್ತಮೂರು ಹೇಗಾಗುತ್ತೆ? ಇನ್ನೂ ಬೇಗ ತುಂಬಬೇಕಲ್ವಾ? ನಂದು ಮೂವತ್ತಾರು. ನಾನು ಅಳಿಸಲ್ಲ."

ಲೆಕ್ಕದಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. ಒರೆಸಬೇಕಾದದ್ದು ಕನ್ನಡಕವನ್ನಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. "ಹಾಗಾದ್ರೆ ಪರೀಕ್ಷೆ ಪಾಸಾಗ್ತಾಳಾ ಅಕ್ಕಾ?"

"ಅದೆಲ್ಲಾ ನಂಗೆ ಗೊತ್ತಿಲ್ಲಣ್ಣ. ನಂಗೇ ಮೂರು ಸಲ ಬೇಕಾಯ್ತು" ಎನ್ನುತ್ತ ಅವರು ಕತ್ತರಿ ಎತ್ತಿಕೊಂಡು ಆರನೇ ಅಧ್ಯಾಯದ ದಾರ ಕತ್ತರಿಸುತ್ತಾರೆ, ಏಳನೆಯದನ್ನು, ಎಂಟನೆಯದನ್ನು, ಕೊನೆಯವರೆಗೆ ಎಲ್ಲವನ್ನೂ. ಪುಸ್ತಕವನ್ನು ಹುಡುಗಿಯ ಕೈಗಿಡುತ್ತಾರೆ.

"ಆದ್ರೆ ಇವಳ ಪುಸ್ತಕಕ್ಕೆ ಇನ್ನು ಹೊಲಿಗೆ ಬೇಡ."