ಎರಡು ಕಾಲು, ಹನ್ನೊಂದು

"ಎರಡು ಕಾಲು. ಒಂದು ನನ್ನ ಮಾತು ಕೇಳ್ತದೆ, ಇನ್ನೊಂದಕ್ಕೆ ಮೂಡ್ ಇಲ್ಲ. ಹನ್ನೊಂದು!"

ಕಳೆದ ಭಾನುವಾರ ಸಂತೆಕಟ್ಟೆಯ ಹಾಲ್‌ನಲ್ಲಿ ಹೀಗೆ ಹೌಸಿ, ಅಂದರೆ ತಂಬೋಲಾ ಆಟದ ನಂಬರ್‌ಗಳಿಗೆ ತಮಾಷೆ ಕಟ್ಟಿ ಕೂಗುತ್ತಿದ್ದವಳು ನನ್ನ ಗೆಳತಿ ಲವೀನಾ. 11 ಅಂದರೆ ನಿಂತ ಎರಡು ಕಾಲು. ಅವಳ ತಮ್ಮನ ಮಗುವಿನ ಬರ್ತ್‌ಡೇ. (ಇವರ ಮನೆಯ ಪಾರ್ಟಿ ಕೇಕ್ ಇಲ್ಲದೆ ನಡೆದೀತು, ಹೌಸಿ ಇಲ್ಲದೆ ನಡೆಯದು.) ನಕ್ಕೂ ನಕ್ಕೂ ನಾನು ಟಿಕೆಟ್‌ನಲ್ಲಿ ನಂಬರ್ ಹೊಡೆಯುವುದನ್ನೇ ಮರೆತೆ.

ಲವೀನಾಳಿಗೆ ಎಂ.ಎಸ್. ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಕೆಡಿಸಿಕೊಳ್ಳುವ ಕಾಯಿಲೆ. ಕಾಲು ಎಳೆಯುತ್ತದೆ, ಕಣ್ಣು ಮಂಜಾಗುತ್ತದೆ. ನಮ್ಮ ಕರಾವಳಿಯ ಸೆಕೆಯಂತೂ ಅವಳ ಜನ್ಮವೈರಿ.

ಗೊತ್ತಾದ ಮೇಲೆ ಮನೆಯವರು ಏನು ಮಾಡಿದರು? ಪ್ರೀತಿ ಮಾಡಿದರು. ಕಾಯಿ ತುರಿಯಬೇಡ, ಮಗುವನ್ನು ಎತ್ತಬೇಡ, ಫ್ಯಾನಿನ ಕೆಳಗೆ ಸುಮ್ಮನೆ ಕೂತುಕೋ. ಅದುವರೆಗೆ ಅವಳದೇ ಆಗಿದ್ದ ಹೌಸಿ ಮೈಕ್ ಕೂಡ ಅವಳ ಭಾವನ ಕೈಗೆ ಹೋಯಿತು. (ಭಾವ ನಂಬರ್ ಓದಿದರೆ ರೈಲ್ವೇ ಅನೌನ್ಸ್‌ಮೆಂಟ್.)

ಮಳೆಗಾಲಕ್ಕೆ ಮೊದಲು ಒಂದು ಸಂಜೆ, ಕಾಪು ಬೀಚ್‌ನಲ್ಲಿ ಕಾರೊಳಗೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದೆವು. "ನಾನಿಲ್ಲದಿದ್ರೆ ಮನೆಯಲ್ಲಿ ಒಂದು ಕುರ್ಚಿ ಉಳೀತದೆ ಮಾರಾಯ್ತಿ" ಎಂದಳು. ಅವಳ ತಮಾಷೆ ನನಗೆ ಗೊತ್ತು. ಇದು ತಮಾಷೆಯಲ್ಲ.

ನನಗೆ ಹೆದರಿಕೆ. ಕೇಳಿದರೆ, ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾದರೆ? ಆದರೂ ಕೇಳಿಬಿಟ್ಟೆ.

"ಸಾಯಬೇಕು ಅಂತ ಅನ್ನಿಸ್ತದಾ ನಿಂಗೆ?"

ಕರಗಿ ಕೈಗೆ ಇಳಿದ ಐಸ್‌ಕ್ರೀಮನ್ನು ಒರೆಸಿಕೊಂಡಳು. "ಅನ್ನಿಸ್ತದೆ. ಯಾರೂ ಕೇಳಿರ್ಲಿಲ್ಲ."

ಅತ್ತಳು. ನಾನೂ ಅತ್ತೆ. ಅಲ್ಲಿಂದ ನೇರ ಮನೆಗೆ ಹೋಗಿ ಅವಳ ಅಮ್ಮನಿಗೆ ಇಬ್ಬರೂ ಸೇರಿ ಹೇಳಿದೆವು. ಮರುದಿನ ಮಣಿಪಾಲದಲ್ಲಿ ಡಾಕ್ಟರ್ ಬಿಡಿಸಿ ಹೇಳಿದರು: ಈ ಕಾಯಿಲೆಯವರಲ್ಲಿ ಇಂಥ ಯೋಚನೆಯ ಅಪಾಯ ಹೆಚ್ಚು, ಕಾಲಿಗೆ ಇರುವಂತೆ ಮನಸ್ಸಿಗೂ ಚಿಕಿತ್ಸೆ ಉಂಟು, ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ, ಭಾರ ಇಳಿಯುತ್ತದೆ. ಮಾತ್ರೆ, ಕೌನ್ಸೆಲಿಂಗ್ ಶುರುವಾಯಿತು. ಮನೆಯವರಿಗೆ ಲವೀನಾಳ ಷರತ್ತು ಒಂದೇ: ಮೈಕ್ ವಾಪಸ್.

ಹಾಗಾಗಿ ಭಾನುವಾರ ಫ್ಯಾನಿನ ಕೆಳಗೆ ಅದೇ ಕುರ್ಚಿ, ಕೈಯಲ್ಲಿ ಮೈಕ್. ಕೆಟ್ಟ ದಿನಗಳು ಈಗಲೂ ಬರುತ್ತವೆ. ಬಂದರೆ ಫೋನ್ ಮಾಡುತ್ತಾಳೆ. ಟಿಕೆಟ್‌ನ ನಂಬರ್ ಎಲ್ಲ ಮೊದಲು ಹೊಡೆದು ಫುಲ್ ಹೌಸ್ ಯಾರಿಗೆ ಬಂತು ಅಂತೀರಿ? ಭಾವನಿಗೆ! ಲವೀನಾ ಮೈಕ್‌ನಲ್ಲೇ ಛೇಡಿಸಿದಳು, ಹಾಲ್ ಪೂರ್ತಿ ನಗು.

"ಇವತ್ತು ಮೀನು ಎಂತ?" ಎಂದು ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಕೇಳುವ ನಮಗೆ, ನಮ್ಮವರನ್ನು ಅಂದು ಕಾರೊಳಗೆ ಕೇಳಿದ ಆ ಒಂದು ಮಾತು ಕೇಳಲು ಎಂತ ಕಷ್ಟ?