ದೀರಿಯೆಯ ಹಾಡಿನಲ್ಲಿ ರೋಬ್ಲೆಯ ಸಾಲು

ನನ್ನ ಗಂಡ ರೋಬ್ಲೆ ಒಮ್ಮೆ ಕೇಳಿದ ಹಾಡನ್ನು ಮರೆಯುತ್ತಿರಲಿಲ್ಲ. ಕವಿ ದೀರಿಯೆ ಹಾಡು ಕಟ್ಟುತ್ತಿದ್ದ. ಇವನು ಅದನ್ನು ತಲೆಯಲ್ಲಿ ಹೊತ್ತು ಬಾವಿಯಿಂದ ಬಾವಿಗೆ ನಡೆಯುತ್ತಿದ್ದ. ನಮ್ಮ ಸೋಮಾಲಿಗಳಲ್ಲಿ ಹಾಡುವವನು ಮೊದಲು ಕಟ್ಟಿದವನ ಹೆಸರು ಹೇಳಬೇಕು, ಒಂದು ಪದವನ್ನೂ ಬದಲಿಸಬಾರದು. ಬದಲಿಸಿದವನಿಗೆ ಮತ್ತೆ ಯಾರೂ ಹಾಡು ಒಪ್ಪಿಸುವುದಿಲ್ಲ. ಹೀಗೆ ಇಪ್ಪತ್ತು ವರ್ಷ "ಇದು ದೀರಿಯೆಯ ಹಾಡು" ಅಂದಾಗಲೆಲ್ಲ ಇವನ ಹೊಟ್ಟೆ ಉರಿಯುತ್ತಿತ್ತು.

"ಕಾಲು ಸವೆಸೋನು ನಾನು, ಹೊಗಳಿಸ್ಕೊಳ್ಳೋನು ಅವನು!"

"ಅಷ್ಟು ಉರಿ ಇದ್ರೆ ನೀನೂ ಒಂದು ಕಟ್ಟು ಮಾರಾಯ. ಯಾರು ಬೇಡ ಅಂದ್ರು?" ಎಂದೆ.

ಆ ವರ್ಷ ಬಾವಿಯೊಂದಕ್ಕಾಗಿ ನಮ್ಮ ಕುಲದವರೂ ಎದುರು ಕುಲದವರೂ ಕೋವಿ ಹಿಡಿದು ಕೂತಿದ್ದರು. ದೀರಿಯೆ ರಾಜಿಯ ಹಾಡು ಕಟ್ಟಿ ನನ್ನೆದುರಿಗೇ ಇವನಿಗೆ ಒಪ್ಪಿಸಿದ. ನಮ್ಮ ಹಾಡಿನಲ್ಲಿ ಮೊದಲು ಹಿಡಿದ ಅಕ್ಷರ ಪ್ರತಿ ಸಾಲಿನಲ್ಲೂ ಮರಳಿ ಬರಬೇಕು, ಇಲ್ಲದಿದ್ದರೆ ಕಿವಿ ಎಡವುತ್ತದೆ. ಈ ಹಾಡು 'ಹ' ಹಿಡಿದಿತ್ತು. ಆ ಬಾವಿಗೆ ನಾಲ್ಕು ದಿನದ ದಾರಿ, ನಾನೂ ಜೊತೆಗೆ ಹೊರಟೆ. ಒಂಟೆಯ ಹಗ್ಗ ಹಿಡಿದು ದಾರಿಯುದ್ದಕ್ಕೂ ಇವನು ಒಂದೇ ಸಾಲನ್ನು ಗೊಣಗುತ್ತಿದ್ದ. ಅದು ದೀರಿಯೆಯದಲ್ಲ ಎಂದು ನನಗೆ ಮಾತ್ರ ಗೊತ್ತಿತ್ತು.

ಸಭೆಯಲ್ಲಿ ಹಾಡಿನ ನಡುವೆ ಅದನ್ನು ಸೇರಿಸಿಯೇಬಿಟ್ಟ:

ಹಗೆಯ ಹಟ್ಟಿಯಲ್ಲಿ ಹಿಂಡಿದರೂ ಹೆಣ್ಣೊಂಟೆಯ ಹಾಲು ಹಾಲೇ.

ಯಾರ ಕಿವಿಯೂ ಎಡವಲಿಲ್ಲ. ಈ ಜಗಳದಲ್ಲೇ ಮಗನನ್ನು ಕಳೆದುಕೊಂಡಿದ್ದ ಎದುರು ಕುಲದ ಮುದುಕ ಆ ಸಾಲನ್ನೇ ಇನ್ನೊಮ್ಮೆ ಹಾಡಿಸಿ, ಅಳುತ್ತ ಕೋವಿ ಕೆಳಗಿಟ್ಟ.

"ಎಂಥಾ ಸಾಲು! ದೀರಿಯೆ ಅಂದ್ರೆ ದೀರಿಯೆನೇ ಬಿಡ್ರಪ್ಪ!" ಎಂದರು ಜನ. ರೋಬ್ಲೆಯ ಮುಖ ಬೂದಿಯಾಯಿತು.

ತಿಂಗಳ ಮೇಲೆ ದೀರಿಯೆ ನಾಲ್ಕು ಜನರೊಂದಿಗೆ ನಮ್ಮ ಗುಡಿಸಲಿಗೆ ಬಂದ. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಆ ಹಾಲಿನ ಸಾಲು ನಂದಲ್ಲ. ಯಾರ್ದು?"

ರೋಬ್ಲೆ ನನ್ನತ್ತ ನೋಡಿದ. ತನ್ನದು ಎಂದರೆ ಇವನ ಬಾಯನ್ನು ಇನ್ನು ಯಾರೂ ನಂಬುವುದಿಲ್ಲ; ಆ ರಾಜಿಯ ಗತಿಯೂ ಏನಾಗುತ್ತದೋ.

"ನಿಂದೇ. ಮರ್ತಿದ್ದೀಯ," ಎಂದ.

"ಅಂಥದ್ದು ನಾನು ಕಟ್ಟಿದ್ರೆ ಮರೀತಿದ್ನೇನೋ?" ಎಂದ ದೀರಿಯೆ. ಇಪ್ಪತ್ತು ವರ್ಷ ನನ್ನ ಗಂಡನ ಕಣ್ಣಲ್ಲಿ ಕಂಡ ಉರಿಯನ್ನು ಅಂದು ಅವನ ಕಣ್ಣಲ್ಲಿ ಕಂಡೆ. ಸುಳ್ಳೇಕೆ, ನನಗೆ ಬಹಳ ಸಂತೋಷವಾಯಿತು. ಆದರೆ ರೋಬ್ಲೆ ತಲೆ ತಗ್ಗಿಸಿಯೇ ಇದ್ದ, ಅದನ್ನು ನೋಡಲೇ ಇಲ್ಲ.

ಈಗ ಇಬ್ಬರೂ ಇಲ್ಲ, ಹಾಡು ಇದೆ. ಮೊನ್ನೆ ಮೊಮ್ಮಗಳು "ಇದು ದೀರಿಯೆಯ ಹಾಡು" ಎಂದು ಶುರುಮಾಡಿದಳು. ಆ ಸಾಲು ಬಂದಾಗ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

"ನಿಲ್ಲೇ. ಇದು ರೋಬ್ಲೆಯ ಸಾಲು ಅನ್ನು. ಆಮೇಲೆ ಹಾಡು."