ಕೊನೆಯ ಹಾಳೆಗಳ ಮೇಷ್ಟ್ರು

ನಮ್ಮ ಮೇಷ್ಟ್ರು ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಮಕ್ಕಳು ಮನೆಯಲ್ಲೂ ಓದಲಿ ಎಂದು ಕಥೆಪುಸ್ತಕಗಳ ಕೊನೆಯ ಹಾಳೆಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು, ಉಳಿದದ್ದನ್ನು ಹಂಚುತ್ತಾರೆ. ಅಲ್ಲಿಯವರೆಗೂ ಓದಿ ಕೇಳಿದವರಿಗಷ್ಟೇ ಆ ಹಾಳೆ. ಸಂಜೆಯಾದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆಯ ಬಾಗಿಲು ತಟ್ಟಿ, "ಕಥೇಲಿ ಕಳ್ಳ ಸಿಕ್ಕಿದ್ನಾ ಅಂತ ಕೇಳೋರೇ ಇಲ್ವೇನ್ರೋ?" ಎಂದು ಕೆಣಕುತ್ತಾರೆ. "ಇವನು ಊಟಾನೂ ಬಿಟ್ಟು ಕೂತಿದಾನೆ ಮೇಷ್ಟ್ರೇ, ನಿಮಗೆ ಪುಣ್ಯ ಬರುತ್ತೆ, ಕೊಟ್ಬಿಡಿ" ಎಂದು ತಾಯಂದಿರು ಗೊಣಗಿದರೆ ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷ. ಶಾಲೆ ಬಿಟ್ಟು ಹೊಲಿಗೆ ಅಂಗಡಿ ಸೇರಿದ ನನ್ನನ್ನೂ ಅವರು ಬಿಡಲಿಲ್ಲ; ಕೊನೆಯ ಹಾಳೆ ಕಿತ್ತ ಪುಸ್ತಕವೊಂದನ್ನು ತಂದರು. ಹಾಳೆ ಕೇಳಲು ನಾಚಿಕೆಯಾಗಿ ನಾನು ಪುಸ್ತಕವೇ ಬೇಡವೆಂದೆ. ಮರುದಿನ ಇನ್ನೊಂದನ್ನು ತಂದು ಮೆಷಿನ್ ಮೇಲಿಟ್ಟು, "ಇದರಲ್ಲಿ ಒಂದು ಹಾಳೆಯನ್ನೂ ಕಿತ್ತಿಲ್ಲಮ್ಮ. ಅರ್ಧಕ್ಕೆ ನಿಂತಿದ್ದು ಸ್ಕೂಲೊಂದೇ ಸಾಕು" ಎಂದರು. ನಾನು ತಲೆಯೆತ್ತುವಷ್ಟರಲ್ಲಿ ಅವರ ದನಿ ಮುಂದಿನ ಬೀದಿಯಲ್ಲಿ ಕೇಳುತ್ತಿತ್ತು.